ಕಾರಿನ ರೇಡಿಯೋ ಕೆಟ್ಟಿತೋ, ಮರೆತಿತೋ?

ಕಳೆದ ಆಟಿ ತಿಂಗಳ ಮಳೆಯಲ್ಲಿ ನಮ್ಮ ಹಳೆಯ ಕಾರಿನ ಬ್ಯಾಟರಿ ಸತ್ತುಹೋಯಿತು. ಹೊಸತು ಹಾಕಿಸಿದಾಗ ಇಂಜಿನಿಗೆ ಜೀವ ಬಂತು, ರೇಡಿಯೋಗೆ ಬರಲಿಲ್ಲ. ಅದರ ಮುಖದ ಮೇಲೆ ‘ಕೋಡ್’ ಎಂಬ ಇಂಗ್ಲಿಷ್ ಶಬ್ದ ಮಾತ್ರ. ಯಾವ ಗುಂಡಿ ಒತ್ತಿದರೂ ಅದೇ. ಪೇಟೆಯ ಅಂಗಡಿಯೊಂದಕ್ಕೆ ಒಯ್ದರೆ, ಸೆಟ್ಟಿನ ಕಡೆ ಸರಿಯಾಗಿ ನೋಡುವ ಮೊದಲೇ ‘ಇದು ಹೋಯಿತು, ಟಚ್ ಸ್ಕ್ರೀನ್ ಹಾಕಿಸಿ’ ಎಂದರು. ಅವರು ಹೇಳಿದ ಕ್ರಯ ಕೇಳಿ ನಾನು ಕಾರನ್ನು ಹಾಗೆಯೇ ಮನೆಗೆ ತಿರುಗಿಸಿದೆ. ಸಂಜೆ ಬಂದ ಭಾವ, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದ್ದ ಹಳೆ ರಶೀದಿಗಳ ನಡುವಿನಿಂದ ಸಣ್ಣದೊಂದು ಕಾರ್ಡನ್ನು ಹೆಕ್ಕಿ ತೆಗೆದು, ‘ಇದು ಹಾಳಾದದ್ದಲ್ಲ ಭಾವ, ಮರೆತದ್ದು’ ಎಂದರು. ಕಾರ್ಡಿನಲ್ಲಿದ್ದ ಅಂಕೆಗಳನ್ನು ಒತ್ತಿದ್ದೇ ತಡ, ಸೆಟ್ಟು ಮಾತಾಡತೊಡಗಿತು.

ಹೀಗೆ ಬರೇ ಮರೆತ ಸೆಟ್ಟುಗಳು ನಮ್ಮ ಜಿಲ್ಲೆಯಲ್ಲಿ ಎಷ್ಟು ಗುಜರಿಗೆ ಹೋಗಿವೆಯೋ ದೇವರೇ ಬಲ್ಲ. ವಿಷಯ ಸಣ್ಣದೆಂದು ಯಾರೂ ಹೇಳಿಕೊಡುವುದಿಲ್ಲ. ಕಾರಿನೊಡನೆ ಬರುವ ಪುಸ್ತಕದಲ್ಲಿ ಎಲ್ಲವೂ ಇದೆ, ಆದರೆ ಕನ್ನಡದಲ್ಲಿ ಇಲ್ಲ. ಆದುದರಿಂದ ಕಿಸೆಗೆ ಕೈಹಾಕುವ ಮೊದಲು ನೋಡಬೇಕಾದ ನಾಲ್ಕು ಸಂಗತಿಗಳನ್ನು ಇಲ್ಲಿ ಹೇಳುವುದು ತಪ್ಪಾಗಲಾರದು.

ಕೋಡ್ ಎಂಬುದು ಕಳ್ಳರಿಗಾಗಿ ಮಾಡಿದ ಏರ್ಪಾಡು. ವಿದ್ಯುತ್ತು ಪೂರ್ತಿ ಕಡಿದರೆ, ತನ್ನನ್ನು ಯಾರೋ ಕಿತ್ತೊಯ್ದಿದ್ದಾರೆಂದು ಸೆಟ್ಟು ಭಾವಿಸಿ ಬೀಗ ಹಾಕಿಕೊಳ್ಳುತ್ತದೆ. ಬ್ಯಾಟರಿ ಬದಲಿಸಿದಾಗಲೂ ಅದಕ್ಕೆ ಹಾಗೆಯೇ ತೋರುತ್ತದೆ. ಊಹೆಯ ಮೇಲೆ ಅಂಕೆ ಒತ್ತುತ್ತಾ ಹೋಗಬಾರದು. ಹಲವು ಬಾರಿ ತಪ್ಪಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ, ಕೆಲವು ಸೆಟ್ಟುಗಳಲ್ಲಿ ಒಂದು ಗಂಟೆ ಕಾಯಬೇಕಾಗುತ್ತದೆ. ಕಾರ್ಡು ಕಳೆದಿದ್ದರೆ ಸೆಟ್ಟಿನ ಮೈಮೇಲಿನ ಸೀರಿಯಲ್ ನಂಬರನ್ನೂ ಕಾರಿನ ದಾಖಲೆಗಳನ್ನೂ ಹಿಡಿದು ಕಂಪೆನಿಯ ಸರ್ವಿಸ್ ಸೆಂಟರಿಗೆ ಹೋಗುವುದೇ ನೇರ ದಾರಿ.

ಬೆಳಕೇ ಬಾರದಿದ್ದರೆ ಫ್ಯೂಸ್ ನೋಡಿ. ಡ್ರೈವರನ ಮೊಣಕಾಲಿನ ಹತ್ತಿರವೋ ಬಾನೆಟ್ಟಿನ ಒಳಗೋ ಫ್ಯೂಸ್ ಪೆಟ್ಟಿಗೆ ಇರುತ್ತದೆ. ಹಲವು ಸೆಟ್ಟುಗಳ ಬೆನ್ನಿನಲ್ಲಿಯೂ ಒಂದಿರುತ್ತದೆ. ಕೆಂಪು ಫ್ಯೂಸ್ 10 ಆಂಪಿಯರಿನದು, ನೀಲಿಯದು 15, ಹಳದಿಯದು 20. ಹೋದದ್ದು ಎಷ್ಟರದೋ ಅಷ್ಟರದ್ದನ್ನೇ ಹಾಕಬೇಕು. ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತಿ ‘ಅಡ್ಜಸ್ಟ್’ ಮಾಡುವ ಜಾಣರು ನಮ್ಮಲ್ಲಿ ಇದ್ದಾರೆ. ಅವರು ರೇಡಿಯೋ ಉಳಿಸಲು ಕಾರನ್ನೇ ಸುಡುವವರು. ಪ್ರತಿ ಬಾರಿ ಕೀಲಿ ತೆಗೆದಾಗ ಸ್ಟೇಷನ್‌ಗಳೆಲ್ಲ ಅಳಿಸಿಹೋಗುತ್ತವೆಂದಾದರೆ, ಹೊರಗಿನಿಂದ ಹಾಕಿಸಿದ ಸೆಟ್ಟುಗಳಲ್ಲಿ ಬಹುಮಟ್ಟಿಗೆ ಹಳದಿ ಮತ್ತು ಕೆಂಪು ವಯರುಗಳು ಅದಲುಬದಲಾಗಿರುತ್ತವೆ. ಹಳದಿಗೆ ಬ್ಯಾಟರಿಯಿಂದ ಸದಾ ವಿದ್ಯುತ್ತು ಬರಬೇಕು, ನೆನಪು ಉಳಿಯುವುದು ಅದರಿಂದ. ಕೆಂಪಿಗೆ ಕೀಲಿ ತಿರುಗಿಸಿದಾಗ ಬಂದರೆ ಸಾಕು.

ಬೆಳಕಿದ್ದೂ ಗುಂಡಿಗಳು ಕೇಳದಿದ್ದರೆ, ಹಲವು ಸೆಟ್ಟುಗಳ ಮುಖದಲ್ಲಿ ಸೂಜಿಮೊನೆಯಷ್ಟು ತೂತೊಂದಿರುತ್ತದೆ. ಪಿನ್ನಿನಿಂದ ಅದನ್ನು ಮೆಲ್ಲನೆ ಒತ್ತಿ ಹಿಡಿದರೆ ಸೆಟ್ಟು ಮೊದಲಿನಿಂದ ಶುರುವಾಗುತ್ತದೆ. ಆದರೆ ಇಟ್ಟುಕೊಂಡಿದ್ದ ಸ್ಟೇಷನ್‌ಗಳೂ ಹೆಚ್ಚಾಗಿ ಹೋಗುತ್ತವೆ. ಬ್ಯಾಟರಿಯ ನೆಗೆಟಿವ್ ವಯರು ಬಿಚ್ಚುವ ಉಪಾಯ ಕೊನೆಗಿರಲಿ, ಅದೂ ಕೋಡ್ ಕೈಯಲ್ಲಿದ್ದರೆ ಮಾತ್ರ.

ಇಷ್ಟಾದ ಮೇಲೆ ನಮಗೆ ನಿಜವಾಗಿ ತಟ್ಟುವ ಮಾತು. ರಿಪೇರಿಯಾದ ಸೆಟ್ಟನ್ನು ಗ್ಯಾರೇಜಿನ ಹುಡುಗ ‘ಆಟೋ ಸ್ಟೋರ್’ ಒತ್ತಿ ಕೊಟ್ಟುಬಿಡುತ್ತಾನೆ. ಆ ಯಂತ್ರಕ್ಕೆ ಭಾಷೆ ತಿಳಿಯದು. ಕಾರು ನಿಂತ ಜಾಗದಲ್ಲಿ ಯಾವ ಅಲೆ ಜೋರಾಗಿದೆಯೋ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಫ್ಎಂ ಅಲೆ ಗುಡ್ಡ ಬಳಸಿ ಬರುವಂಥದ್ದಲ್ಲ. ಆದುದರಿಂದ ತಗ್ಗಿನ ಒಂದು ಗ್ಯಾರೇಜಿನಲ್ಲಿ ಗುಂಡಿ ಒತ್ತಿದರೆ ಮಂಗಳೂರಿನ 100.3 ಬಿಟ್ಟುಹೋಗಿ ಕಣ್ಣೂರಿನ 101.5 ಮಾತ್ರ ಉಳಿದೀತು. ಕಣ್ಣೂರಿನ ಮೇಲೆ ನನಗೆ ದೂರಿಲ್ಲ, ಅದರ ಹಾಡುಗಳನ್ನು ನಮ್ಮ ಮನೆಯಲ್ಲಿಯೂ ಕೇಳುತ್ತಾರೆ. ಆದರೆ ‘ಈಗ ಮಂಗಳೂರು ಸಿಗುವುದಿಲ್ಲ’ ಎಂದು ಕೈಚೆಲ್ಲುವವರಲ್ಲಿ ಅನೇಕರು ಗುಡ್ಡದ ನೆತ್ತಿಯಲ್ಲಿ ಕಾರು ನಿಲ್ಲಿಸಿ, ಕೈಯಿಂದ 100.3ಕ್ಕೆ ತಿರುಗಿಸಿ, ಒಂದನೇ ಗುಂಡಿಯನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿದು ನೋಡಿದವರಲ್ಲ. ಸೆಟ್ಟಿನಲ್ಲಿ ‘ಲೋಕಲ್’ ಎಂಬುದು ಚಾಲೂ ಇದ್ದರೆ ಅದನ್ನೂ ತೆಗೆಯಬೇಕು. ದೂರದ ಸ್ಟೇಷನ್‌ಗಳನ್ನು ಹುಡುಕುವಾಗ ಬಿಟ್ಟುಬಿಡುವುದೇ ಅದರ ಕೆಲಸ.

ಬರೀ ಗೊರಗೊರ ಎಂದರೆ ಮೊಬೈಲ್ ಚಾರ್ಜರನ್ನು ಕಿತ್ತು ನೋಡಿ. ಅಗ್ಗದ ಚಾರ್ಜರುಗಳು ರೇಡಿಯೋವನ್ನು ಎಷ್ಟು ಕೆಡಿಸುತ್ತವೆಂದರೆ, ಕಿತ್ತ ಕ್ಷಣದಲ್ಲೇ ದನಿ ತಿಳಿಯಾಗುವುದುಂಟು. ಮತ್ತೆ ಏರಿಯಲ್. ನಮ್ಮ ಕಡಲ ಗಾಳಿಯ ಉಪ್ಪಿಗೆ ಅದರ ಬುಡದ ಸ್ಕ್ರೂ ತುಕ್ಕು ಹಿಡಿಯದೆ ಇರುವುದಿಲ್ಲ. ಬಿಚ್ಚಿ, ಉಜ್ಜಿ, ಬಿಗಿಮಾಡಿದರೆ ಅರ್ಧ ರೋಗ ವಾಸಿ. ಜಪಾನಿನ ಹಳೆ ಕಾರುಗಳಿಂದ ಕಳಚಿದ ಸೆಟ್ಟುಗಳು ಅಗ್ಗಕ್ಕೆ ಸಿಕ್ಕಿದರೆ ಮಾತ್ರ ಜಾಗ್ರತೆ: ಅಲ್ಲಿನ ಎಫ್ಎಂ ನಮ್ಮದಕ್ಕಿಂತ ಕೆಳಗೆ, 76ರಿಂದ ಶುರುವಾಗುವುದು. 100.3ರ ತನಕ ಏರದ ಸೆಟ್ಟನ್ನು ಎಷ್ಟು ರಿಪೇರಿ ಮಾಡಿಸಿದರೂ ಮಂಗಳೂರು ಬಾರದು.

ಫೋನಿನಲ್ಲಿ ಆಕಾಶವಾಣಿ ಸಿಗುವಾಗ ಇದೆಲ್ಲ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ನಮ್ಮ ಅತ್ತೆಗೆ ಫೋನು ಕಾಣುವಷ್ಟು ಕಣ್ಣಿಲ್ಲ. ವಾರಕ್ಕೆರಡು ಸಲ ಅವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ರೇಡಿಯೋ ಮೌನವಾಗಿದ್ದ ಆ ವಾರ ಅವರು ದಾರಿಯುದ್ದಕ್ಕೂ ಆಸ್ಪತ್ರೆಯ ಮಾತನ್ನೇ ಆಡಿದರು. ತಾಳಮದ್ದಲೆ ಬರುವ ದಿನಗಳಲ್ಲಿ ಅರ್ಥಧಾರಿಯ ತಪ್ಪುಗಳನ್ನು ಹೆಕ್ಕುವುದರಲ್ಲಿಯೇ ದಾರಿ ಸಾಗುತ್ತಿತ್ತು.

ಬ್ಯಾಟರಿ ಬಿಚ್ಚುವ ಮೊದಲು ‘ಕೋಡ್ ಉಂಟೋ?’ ಎಂದು ಕೇಳುವುದು ಗ್ಯಾರೇಜಿನವರ ಕರ್ತವ್ಯವೆಂದು ನಾನು ಎಣಿಸುತ್ತೇನೆ. ಹಳೆ ಕಾರು ಮಾರುವವರು ಕೀಲಿಯ ಜೊತೆಗೆ ಆ ಕಾರ್ಡನ್ನೂ ಕೊಡಬೇಕು, ಕೊಳ್ಳುವವರು ಕೇಳಿ ಪಡೆಯಬೇಕು. ನಮ್ಮ ಕಾರ್ಡು ಈಗ ಕಾರಿನಲ್ಲಿಲ್ಲ. ಕಳ್ಳನಿಗೆ ಕೀಲಿಯನ್ನೇ ಕೊಟ್ಟಂತಾಗುತ್ತದೆಂದು ಮನೆಯ ಕಪಾಟಿನಲ್ಲಿದೆ. ಅದರ ಹಿಂಬದಿಯಲ್ಲಿ ನಾನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ: ಒಂದಕ್ಕೆ ಮಂಗಳೂರು, ಎರಡಕ್ಕೆ ಕಣ್ಣೂರು. ಎರಡನೆಯದು ಅತ್ತೆಯ ಮೊಮ್ಮಗನ ಬೇಡಿಕೆ.