ಸಾವಿನ ಲೆಕ್ಕವೂ ತೋಟದ ಲೆಕ್ಕವೇ

ಮಳೆಯನ್ನು ನಾವು ಇಂಚು, ಸೆಂಟಿನವರೆಗೆ ಬರೆದಿಡುತ್ತೇವೆ. ಕಾಂಡಕೊರಕ ಹಿಡಿದು ಕಿತ್ತ ಗಿಡಕ್ಕೆ ಲೆಕ್ಕವಿದೆ, ಕೊಳೆಗೆ ಉದುರಿದ ಅಡಿಕೆಗೂ ಲೆಕ್ಕವಿದೆ. ಆದರೆ ತೋಟದ ಸೀಮೆಯಲ್ಲಿ ಜನ ಯಾವ ಕಾರಣದಿಂದ ಸಾಯುತ್ತಾರೆಂಬುದಕ್ಕೆ ಸರಿಯಾದ ಲೆಕ್ಕವಿಲ್ಲ. ಇಡೀ ದೇಶದ ಸ್ಥಿತಿಯೇ ಹೀಗಿದೆ.

2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳು ಸುಮಾರು 81 ಲಕ್ಷ. ಇವುಗಳಲ್ಲಿ ವೈದ್ಯರು ಕಾರಣ ಬರೆದು ದೃಢೀಕರಿಸಿದ್ದು ಸುಮಾರು 18 ಲಕ್ಷ ಮಾತ್ರ. ಆ ಪಟ್ಟಿಯಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗಕ್ಕೆ ಮೊದಲ ಸ್ಥಾನ, ನೂರಕ್ಕೆ 32ರಷ್ಟು. ಪಟ್ಟಿ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದು ಬಹುಮಟ್ಟಿಗೆ ಆಸ್ಪತ್ರೆ ತಲಪಿದವರ ಪಟ್ಟಿ. ದಾರಿಯಲ್ಲೋ ಲೈನ್ ಮನೆಯಲ್ಲೋ ಪ್ರಾಣ ಬಿಟ್ಟವರಿಗೆ ಅದರಲ್ಲಿ ಜಾಗ ಸಿಗುವುದು ಕಡಿಮೆ.

ಹಾವಿನ ಕಡಿತವನ್ನೇ ನೋಡಿ. ದೇಶದ ಮಾದರಿ ನೋಂದಣಿ ವ್ಯವಸ್ಥೆಯ ಮನೆಗಳಿಗೆ ಹೋಗಿ, ಸಾವು ಹೇಗಾಯಿತೆಂದು ಮನೆಯವರನ್ನೇ ವಿಚಾರಿಸಿ ನಡೆಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸರ್ಕಾರಿ ಆಸ್ಪತ್ರೆಗಳ ವರದಿಯಲ್ಲಿ ಇದರ ಹತ್ತನೆಯ ಒಂದು ಪಾಲೂ ಇರಲಿಲ್ಲ.

ಲೆಕ್ಕ ಸಿಕ್ಕರೆ ಏನು ಬಂತು ಎಂದು ಕೇಳಬಹುದು. ಔಷಧ ಎಲ್ಲಿಗೆ, ಎಷ್ಟು ಎಂಬುದು ಲೆಕ್ಕದ ಮೇಲೆಯೇ ನಿಂತಿದೆ. ನಮ್ಮಲ್ಲಿ ಬಳಸುವ ವಿಷನಿರೋಧಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಕಾಫಿ ತೋಟದ ಗುಳಿಮಂಡಲಗಳಿಗೆ ಅದು ತಯಾರಾದದ್ದಲ್ಲ. ಬೇಕೆಂದು ಕೇಳಲು ಕೈಯಲ್ಲಿ ಅಂಕಿ ಇರಬೇಕು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಇದು ಸ್ವಾಗತಾರ್ಹ. ಆದರೆ ಆಸ್ಪತ್ರೆಗೇ ಹೋಗದವರ ಸಾವನ್ನು ಆಸ್ಪತ್ರೆ ವರದಿ ಮಾಡಲಾರದು.

ಅಲ್ಲಿ ಹೊಣೆ ನಮ್ಮದು. 1969ರ ಜನನ ಮರಣ ನೋಂದಣಿ ಕಾಯ್ದೆಯ 9ನೆಯ ಕಲಮು ತೋಟಗಳಿಗೆಂದೇ ಇದೆ. ಕಾಫಿ, ಮೆಣಸು, ಏಲಕ್ಕಿ ಬೆಳೆಯುವ 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆಗೆ ಕಡಿಮೆಯಿಲ್ಲದ ತೋಟದಲ್ಲಿ ಸಾವು ಸಂಭವಿಸಿದರೆ, ಆಳುಗಳ ಮೇಲ್ವಿಚಾರಣೆ ನೋಡುವವರೇ ನೋಂದಣಾಧಿಕಾರಿಗೆ ತಿಳಿಸಬೇಕು. ಅವಧಿ 21 ದಿನ.

“ಬರೆಸಿದರೆ ಪೊಲೀಸು, ಪಂಚನಾಮೆ, ಅಲೆದಾಟ” ಎನ್ನುವ ಸದಸ್ಯರಿದ್ದಾರೆ. ಅಲೆದಾಟ ಇರುವುದು ನಿಜ. ಬರೆಸದಿದ್ದರೆ ಅಲೆಯುವವಳು ಸತ್ತವನ ಹೆಂಡತಿ. ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಉಂಟು. ಹಾವು ಕಡಿದರೆ, ಅಡಿಕೆ ಮರದಿಂದ ಬಿದ್ದರೆ, ಕಾರಣಕ್ಕೆ ಕೂಡಲೇ ಆದ ಆಸ್ಪತ್ರೆಯ ದಾಖಲೆ ಬೇಕು. ದಾಖಲೆ ಇಲ್ಲವಾದರೆ ಹಣವೂ ಇಲ್ಲ.

ಆದ್ದರಿಂದ ಬೆಳೆಗಾರ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು: ಕಡಿತವಾದವರನ್ನು ಮಂತ್ರ, ನಾಟಿ ಮದ್ದು ಎಂದು ತಡಮಾಡದೆ ಆಸ್ಪತ್ರೆಗೆ ಸಾಗಿಸಿ. ಸಾವು ಸಂಭವಿಸಿದರೆ ಮನೆಯವರದಾಗಲಿ ಆಳಿನದಾಗಲಿ, ಹೊರ ರಾಜ್ಯದಿಂದ ಬಂದವರದಾಗಲಿ, ನಿಜವಾದ ಕಾರಣದೊಂದಿಗೆ ನೋಂದಾಯಿಸಿ. ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು ಸತ್ತ ಮೇಲೆ ಸರ್ಕಾರದ ಪುಸ್ತಕದಲ್ಲಿಯೂ ಇರಬೇಕು.