ಹೊಲಕ್ಕೆ ಬೇಕಾದುದು ಬೀಳೋ, ಗೊಬ್ಬರವೋ?



ಗರಗದ ಸುತ್ತಲಿನ ಎರೆ ಹೊಲಗಳನ್ನು ಹಿಂದೆ ಮುಂಗಾರಿಯಲ್ಲಿ ಬೀಳು ಬಿಟ್ಟು, ಮಳೆ ಬಿಡುವು ಕೊಟ್ಟಾಗಲೆಲ್ಲ ಹರಗಿ, ಹಿಂಗಾರಿಗೆ ಜೋಳ, ಕಡಲೆ, ಕುಸುಬಿ ಬಿತ್ತುವ ವಾಡಿಕೆ ಇತ್ತು. ಈಗ ಮುಂಗಾರಿಗೆ ಸೋಯಾ ಅವರೆ ಇಲ್ಲವೆ ಹೆಸರು, ಅದರ ಬೆನ್ನಿಗೇ ಕಡಲೆ ಇಲ್ಲವೆ ಜೋಳ. "ಎರಡು ಪೀಕು ತೆಗೆದು ಭೂಮಿ ಸೊರಗಿತು, ಒಂದು ಹಂಗಾಮು ಬೀಳು ಬಿಡೋಣವೇ?" ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಪ್ರಶ್ನೆ ಸರಿಯಾದದ್ದೇ. ಆದರೆ ಬೀಳು ಎಲ್ಲವೂ ಒಂದೇ ಅಲ್ಲ.

ಸಹ್ಯಾದ್ರಿಯಲ್ಲಿ ಹಿಂದೆ ಕುಮರಿ ಬೇಸಾಯ ಮಾಡುವವರು ಒಂದೆರಡು ವರ್ಷ ಬೆಳೆದು ಆ ಜಾಗವನ್ನು ಹಲವು ವರ್ಷ ಬಿಡುತ್ತಿದ್ದರು. ಅಲ್ಲಿ ಗಿಡಗಂಟಿ ಬೆಳೆದು, ಎಲೆ ಉದುರಿ, ಬೇರು ಕೊಳೆತು ಭೂಮಿ ಚೇತರಿಸಿಕೊಳ್ಳುತ್ತಿತ್ತು. ನಮ್ಮದು ಹರಗಿದ ಬರಿ ಬೀಳು. ಇಲ್ಲಿ ಏನೂ ಬೆಳೆಯುವುದಿಲ್ಲ, ಏನೂ ಮಣ್ಣಿಗೆ ಮರಳುವುದಿಲ್ಲ. ಮಣ್ಣಿನ ಸೂಕ್ಷ್ಮ ಜೀವಿಗಳು ಹಳೆಯ ಸಾವಯವ ಪದಾರ್ಥವನ್ನೇ ಕರಗಿಸಿ ಸಾರಜನಕ ಬಿಡುಗಡೆ ಮಾಡುತ್ತವೆ. ಅದರಿಂದ ಮುಂದಿನ ಪೀಕು ಹಸಿರಾಗಿ ಕಾಣುತ್ತದೆ. ಇದು ಗಳಿಕೆಯಲ್ಲ, ಇಟ್ಟ ಗಂಟನ್ನು ಬಿಚ್ಚಿ ಉಂಡಂತೆ. ಮೇಲಾಗಿ, ಬರಿ ನೆಲದ ಮೇಲೆ ಮಳೆ ಹೊಡೆದಾಗ ಮೇಲ್ಮಣ್ಣು ಹಳ್ಳ ಸೇರುತ್ತದೆ.

ಇದಕ್ಕೆ ಆಧಾರವಿದೆ. ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿರುವ ಇಕ್ರಿಸಾಟ್ ಸಂಸ್ಥೆ 1976ರಿಂದ ಎರೆ ಭೂಮಿಯಲ್ಲಿ ಎರಡು ಪದ್ಧತಿಗಳನ್ನು ಹೋಲಿಸಿ ನೋಡಿದೆ. ಒಂದು, ಮುಂಗಾರಿ ಬೀಳು ಬಿಟ್ಟು, ಎರಡು ವರ್ಷಕ್ಕೊಮ್ಮೆ ಕೊಟ್ಟಿಗೆ ಗೊಬ್ಬರ ಹಾಕಿ, ಹಿಂಗಾರಿ ಮಾತ್ರ ಬೆಳೆಯುವುದು. ಇನ್ನೊಂದು, ಅಗಲ ಮಡಿ ಮಾಡಿ, ತೊಗರಿಯಂಥ ದ್ವಿದಳ ಧಾನ್ಯ ಸೇರಿಸಿ, ಗೊಬ್ಬರ ಕೊಟ್ಟು ಬೆಳೆಯುವುದು. ಮೊದಲ 24 ವರ್ಷಗಳ ಸರಾಸರಿ ಇಳುವರಿ ಬೀಳಿನ ಪದ್ಧತಿಯಲ್ಲಿ ಎಕರೆಗೆ ಸುಮಾರು 4 ಕ್ವಿಂಟಲ್, ಇನ್ನೊಂದರಲ್ಲಿ ಸುಮಾರು 19 ಕ್ವಿಂಟಲ್. ಬೀಳು ಬಿಟ್ಟ ಹೊಲದಿಂದ ಕೊಚ್ಚಿ ಹೋದ ಮಣ್ಣು ಸುಮಾರು ನಾಲ್ಕು ಪಟ್ಟು. ಸಾವಯವ ಇಂಗಾಲವೂ ಬೆಳೆ ಬೆಳೆದ ಹೊಲದಲ್ಲೇ ಹೆಚ್ಚು ಉಳಿದಿತ್ತು.

ಹಾಗೆಂದು ಎರಡು ಪೀಕು ತೆಗೆದರೆ ಸಾಕು ಎಂದು ತಿಳಿಯಬೇಡಿ. ಅಲ್ಲಿ ಭೂಮಿಗೆ ಮರಳಿ ಕೊಟ್ಟಿದ್ದರು. ನಾವೋ? 10 ಕ್ವಿಂಟಲ್ ಸೋಯಾ ಕಾಳಿನೊಂದಿಗೆ ಸುಮಾರು 60 ಕಿಲೋ ಸಾರಜನಕ ಹೊಲ ಬಿಟ್ಟು ಹೋಗುತ್ತದೆ. ಬೇರಿನ ಗಂಟುಗಳು ಅದರಲ್ಲಿ ಒಳ್ಳೆಯ ಪಾಲನ್ನು ಗಾಳಿಯಿಂದ ತರುತ್ತವೆ, ಉಳಿದದ್ದು ಮಣ್ಣಿನದು. ರಂಜಕ, ಪೊಟ್ಯಾಷ್, ಗಂಧಕಗಳು ಗಾಳಿಯಿಂದ ಬರುವಂಥವಲ್ಲ. ಹೊಟ್ಟನ್ನೂ ಮಾರಿ, ಎತ್ತನ್ನೂ ಮಾರಿ, ತಿಪ್ಪೆಯೇ ಇಲ್ಲವಾದರೆ ಭೂಮಿ ಸೊರಗದೆ ಏನಾದೀತು?

ಆದುದರಿಂದ ಹೀಗೆ ಮಾಡಿ. ಸೋಯಾ, ಕಡಲೆ ಬೀಜಕ್ಕೆ ಆಯಾ ಬೆಳೆಯ ರೈಜೋಬಿಯಂ ಲೇಪಿಸಿ. ಹೆಸರಿನ ಕಾಯಿ ಬಿಡಿಸಿಕೊಂಡು ಗಿಡವನ್ನು ಮಣ್ಣಿಗೆ ಸೇರಿಸಿ. ಬೀಳು ಬಿಡಲೇಬೇಕಾದರೆ ಬರಿದಾಗಿ ಬಿಡದೆ ಸೆಣಬು ಬಿತ್ತಿ, ಹೂ ಬಿಡುವ ಹೊತ್ತಿಗೆ ಮಗ್ಗು ಹೊಡೆಯಿರಿ. ಬದುವಿನಲ್ಲಿ ಗ್ಲಿರಿಸಿಡಿಯಾ ಹಚ್ಚಿರಿ. ಮಣ್ಣು ಪರೀಕ್ಷೆ ಮಾಡಿಸಿ, ಅದರಂತೆ ರಸಗೊಬ್ಬರ ಹಾಕಿ.

ಒಂದು ಎಚ್ಚರಿಕೆ. ಬೀಳಿನಿಂದ ಹಿಂಗಾರಿಗೆ ಹಸಿ ಉಳಿಯುವುದು ನಿಜ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರಕಾರ ಘೋಷಿಸಿತು. ಅಂಥ ವರ್ಷ ಮುಂಗಾರಿ ಪೀಕು ಕುಡಿದ ನೀರು ಹಿಂಗಾರಿಗೆ ಸಿಗದು. ಮಣ್ಣು ಆಳವಿಲ್ಲದ ಮಡ್ಡಿ ಹೊಲದಲ್ಲಿ ಎರಡು ಪೀಕಿನ ಆಸೆ ಬೇಡ. ಆಳವಾದ ಎರೆಯಲ್ಲಿಯೂ ಮಳೆ ಕೈಕೊಟ್ಟರೆ ಚೌಕು ಮಡಿ ಮಾಡಿ ನೀರು ಇಂಗಿಸಿ, ಹಿಂಗಾರಿಯನ್ನೇ ನೆಚ್ಚಿರಿ.

ಕೊನೆಯದಾಗಿ ಲಾವಣಿ ಹೊಲಗಳ ಮಾತು. ಒಂದೇ ವರ್ಷಕ್ಕೆ ಲಾವಣಿ ಹಿಡಿದವನು ಮುಂದಿನವನ ಪೀಕಿಗಾಗಿ ಗೊಬ್ಬರ ಏಕೆ ಹಾಕಿಯಾನು? ಭೂಮಿಯ ಒಡೆಯರು ಮೂರು ನಾಲ್ಕು ವರ್ಷಕ್ಕೆ ಕೊಟ್ಟು, ಗೊಬ್ಬರದ ಖರ್ಚಿನಲ್ಲಿ ತಾವೂ ಪಾಲು ಹಾಕಿದರೆ ಅವರ ಹೊಲವೇ ಉಳಿಯುತ್ತದೆ. ಭೂಮಿ ಕೇಳುತ್ತಿರುವುದು ರಜೆಯನ್ನಲ್ಲ, ನಾವು ಒಯ್ದುದರಲ್ಲಿ ತನ್ನ ಪಾಲನ್ನು.