ಕಾರಂಜಿ ಬೇಡ ಸ್ವಾಮಿ, ಕಾಲುವೆ ಬಿಡಿಸಿ

ಮಾರಿಕಣಿವೆ ತುಂಬಿದರೆ ಸಾಕು, ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಬೃಂದಾವನದ ಜಪ ಶುರುವಾಗುತ್ತದೆ. ಬಾಗಿನ ಬಿಟ್ಟ ಕೈಯಿನ್ನೂ ಆರಿರುವುದಿಲ್ಲ, ಆಗಲೇ ಇಲ್ಲೂ ಬಣ್ಣದ ಕಾರಂಜಿ ಬೇಕು, ದೋಣಿವಿಹಾರ ಬೇಕು, ಕೆಆರ್‌ಎಸ್ ಥರ ಆಗಬೇಕು ಎಂಬ ಮಾತು. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆಯ ಈ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು 1933ರ ನಂತರ ಮೊದಲ ಸಲ. 89 ವರ್ಷ ಕಾದ ನೀರು. ಹಿರಿಯೂರಿನ ಕಡೆ ಜನ ಜಾತ್ರೆಯಂತೆ ಸೇರಿದ್ದಾಗ, ಅತ್ತ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನಲ್ಲಿ ತೋಟ, ಹೊಲ ಮುಳುಗಿದ್ದವು. ಕಾರಂಜಿಯ ಕನಸು ಕಾಣುವವರು ಆ ದಿಕ್ಕಿಗೆ ಎಷ್ಟು ಸಲ ತಲೆ ತಿರುಗಿಸಿದರು?

ಇರಲಿ, ಕೆಆರ್‌ಎಸ್ ಕಟ್ಟೆಯ ಬುಡದ ಬೃಂದಾವನವನ್ನೇ ನೋಡೋಣ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1932ರ ಹೊತ್ತಿಗೆ ಮುಗಿದ ತೋಟ ಅದು. ಹೊಸದಾಗಿ ಮದುವೆಯಾದವರು, ಶಾಲೆಯ ಪ್ರವಾಸದ ಮಕ್ಕಳು, ನಮ್ಮ ಸಿನಿಮಾದ ನಾಯಕ ನಾಯಕಿಯರು ಎಲ್ಲರೂ ಅಲ್ಲಿ ಒಮ್ಮೆ ಸುತ್ತಿ ಬಂದವರೇ. ಅದಕ್ಕೆ ಬೇಕಾದದ್ದು ಒಳ್ಳೆಯ ಮಾಲಿಗಳು, ಕೆಟ್ಟ ನಲ್ಲಿಗಳ ರಿಪೇರಿ, ಚೊಕ್ಕ ಶೌಚಾಲಯ. ಸರ್ಕಾರಕ್ಕೆ ತೋಚಿದ್ದು ಬೇರೆ. 2018ರಲ್ಲಿ ಡಿಸ್ನಿಲ್ಯಾಂಡ್ ಮಾದರಿ ಎಂದರು, 125 ಅಡಿಯ ಕಾವೇರಿ ಪ್ರತಿಮೆ ಎಂದರು. 2024ರಲ್ಲಿ ಸಚಿವ ಸಂಪುಟ ಸುಮಾರು 2,663 ಕೋಟಿ ರೂಪಾಯಿಯ ಯೋಜನೆಗೆ, ಅದೂ ಖಾಸಗಿ ಸಹಭಾಗಿತ್ವದಲ್ಲಿ, ತಲೆಯಾಡಿಸಿತು. ಅದೇ ವರ್ಷದ ಜನವರಿಯಲ್ಲಿ ಹೈಕೋರ್ಟು ಅಣೆಕಟ್ಟೆಗೆ ಅಪಾಯವೆಂದು 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಲ್ಲಿಸಿತ್ತು. ಗಣಿಗೆ ದೂರ ಇರು ಎಂದ ಕಟ್ಟೆಯ ಬುಡಕ್ಕೇ ಅಮ್ಯೂಸ್‌ಮೆಂಟ್ ಪಾರ್ಕ್ ತರುವುದು ಯಾವ ಬುದ್ಧಿ? ಮಂಡ್ಯದ ರೈತರು ಬೀದಿಗಿಳಿದು ಕೇಳಿದ್ದೂ ಇದನ್ನೇ. ಅವರನ್ನು ಅಭಿವೃದ್ಧಿ ವಿರೋಧಿಗಳು ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ.

ಡಿಸ್ನಿ ಡಿಸ್ನಿ ಎಂದು ಹಲುಬುವವರಿಗೆ ಅಲ್ಲಿಯ ಒಂದು ಸುದ್ದಿಯೂ ಗೊತ್ತಿರಲಿ. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ 1971ರಿಂದ ಒಂದು ನದಿ ಇತ್ತು. ನದಿ ಎಂದರೆ ತೋಡಿ, ನೀರು ತುಂಬಿಸಿ, ಹಳೇ ಕಾಲದ ದೋಣಿ ಬಿಟ್ಟ ಕೃತಕ ಹರಿವು. 2025ರ ಜುಲೈಯಲ್ಲಿ ಅದನ್ನು ಮುಚ್ಚಿದರು, ಕಾರುಗಳ ಸಿನಿಮಾ ಆಧರಿಸಿದ ಹೊಸ ಆಟಕ್ಕೆ ಜಾಗ ಬೇಕಿತ್ತು. ಅಭಿಮಾನಿಗಳು ಕೊನೆಯ ಬಾರಿ ಅದನ್ನು ನೋಡಲು ಹೋದರು, ಸಿಟ್ಟಾದರು, ಅತ್ತರು. ನಕ್ಕುಬಿಡಬೇಡಿ. ಮಾಡಿದ ನದಿಗೇ ಅಷ್ಟು ಮಂದಿ ಮರುಗುತ್ತಾರೆ ಎಂದಾದರೆ, ಮಾರಿಕಣಿವೆಯ ನಿಜವಾದ ವೇದಾವತಿಗೆ, ಚಿತ್ರದುರ್ಗದ ಕೋಟೆಯ ನಿಜವಾದ ಹೊಂಡಕ್ಕೆ ನಾವೆಷ್ಟು ಮರುಗಬೇಕು? ಡಿಸ್ನಿ ತನ್ನ ದುಡ್ಡಿನಲ್ಲಿ ಕಟ್ಟಿದ್ದನ್ನು ತಾನೇ ಕೆಡವಿತು. ನೀವು ಕೈಹಾಕುತ್ತಿರುವುದು ನಮ್ಮ ಅಜ್ಜಂದಿರು ಕಟ್ಟಿದ್ದಕ್ಕೆ.

ನಮ್ಮ ದುರ್ಗದ ಕೋಟೆಯನ್ನು ನೋಡಲು ಬರುವವರು ಒನಕೆ ಓಬವ್ವನ ಕಿಂಡಿ ಎಲ್ಲಿ ಎಂದು ಕೇಳುತ್ತಾರೆ. 1972ರ ‘ನಾಗರಹಾವು’ ಸಿನಿಮಾ ಮಾಡಿದ ಪುಣ್ಯ ಅದು. ಊರಿನವರಿಗೆ ಕೋಟೆ ಎಂದರೆ ನೀರು ಕೂಡ. ಮೇಲುದುರ್ಗದ ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ಸೇರುತ್ತದೆ. ಅದು ತುಂಬಿ ಹೆಚ್ಚಾದದ್ದು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಪಂಪಿಲ್ಲ, ಕರೆಂಟಿಲ್ಲ, ಬಿಲ್ಲಿಲ್ಲ. ಇಳಿಜಾರನ್ನೂ ಕಲ್ಲನ್ನೂ ಬಲ್ಲವರ ಲೆಕ್ಕಾಚಾರ ಅಷ್ಟೆ. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು, ನಾಯಕರ ಆಳ್ವಿಕೆ ಮುಗಿಯಿತು, ನೀರು ಮಾತ್ರ ದಾರಿ ಮರೆಯಲಿಲ್ಲ. ಜೋರು ಮಳೆಯ ಮರುದಿನ ಎಷ್ಟು ಮೆಟ್ಟಿಲು ಮುಳುಗಿದೆ ಎಂದು ನೋಡಲು ಜನ ಈಗಲೂ ಹೊಂಡದ ಕಡೆ ಹೋಗುತ್ತಾರೆ.

ಇಂಥ ಹೊಂಡಕ್ಕೆ ಸೌಂದರ್ಯೀಕರಣದ ಅನುದಾನ ಬಂತೋ, ಕೆಟ್ಟಿತು. ‘ಅಭಿವೃದ್ಧಿ’ಯಾದ ಯಾವುದಾದರೂ ಊರಿನ ಕಲ್ಯಾಣಿಗೆ ಹೋಗಿ ಕಣ್ಣಾರೆ ನೋಡಿ. ಗಾರೆ ಇಲ್ಲದೆ ಕೂರಿಸಿದ ಕಲ್ಲುಗಳ ಸಂದಿಗೆಲ್ಲ ಸಿಮೆಂಟ್ ಬಳಿದಿರುತ್ತಾರೆ, ಒಸರುವ ನೀರಿಗೆ ಉಸಿರುಗಟ್ಟಲಿ ಎಂದು. ಮೆಟ್ಟಿಲಿಗೆ ಕೆಂಪು, ಬಿಳಿ ಪಟ್ಟೆ. ಸುತ್ತ ಅಂಚಿನವರೆಗೂ ಇಂಟರ್‌ಲಾಕ್ ಇಟ್ಟಿಗೆ, ಅದರ ಕೆಳಗೆ ಸಮಾಧಿಯಾದ ನೀರು ಬರುವ ತೂಬು. ಸ್ಟೀಲ್ ಕಂಬಿ, ‘ಐ ಲವ್’ ಎಂದು ಆರಂಭವಾಗುವ ದೊಡ್ಡಕ್ಷರದ ಬೋರ್ಡು, ಪಕ್ಕದಲ್ಲೇ ಉದ್ಘಾಟಕರ ಹೆಸರಿನ ಗ್ರಾನೈಟ್ ಫಲಕ. ಎರಡು ಬೇಸಿಗೆ ಕಳೆಯಲಿ, ಕಾರಂಜಿಗೆ ಟ್ಯಾಂಕರಿನಲ್ಲಿ ನೀರು ಹೊಡೆಸುವ ಕಾಲ ಬರುತ್ತದೆ. ಇದನ್ನು ಮಾಡಿದವರಾರೂ ಕೇಡಿಗರಲ್ಲ, ಅದೇ ದುಃಖ. ಎಸ್ಟಿಮೇಟ್ ಬರೆಯುವ ಮೊದಲು ನೀರು ಯಾವ ಕಡೆಯಿಂದ ಬರುತ್ತದೆ ಎಂದು ಯಾರೂ ಕೇಳಲಿಲ್ಲ.

ಕೇಡು ಮೇಲಿನಿಂದಲೇ ಬರಬೇಕೆಂದಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನವಿರುವ ಬಂಡೆಗೆ ಬಳೆಗಾರರ ಗುಂಡು ಎಂದೇ ಹೆಸರಾಗಿತ್ತು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದದ್ದು ಅದರ ಮೇಲೆ, ಅಕ್ಷರಗಳು ಸವೆದುಹೋದವು. ಪಾಪ, ಅವರಿಗೆ ಅದು ಬರೀ ಸಮತಟ್ಟು ಬಂಡೆ. ಕೋಟೆಯ ಗೋಡೆಗೆ ಮೊಳೆಯಲ್ಲಿ ಹೃದಯ ಕೊರೆದು ಹೆಸರು ಬರೆಯುವ ಇವತ್ತಿನ ಪ್ರೇಮಿಗೆ ಆ ನೆಪವಿಲ್ಲ. ಅವನ ಕಿಸೆಯಲ್ಲಿ ಫೋನಿದೆ, ಎದುರಿಗೆ ಪುರಾತತ್ವ ಇಲಾಖೆಯ ನೀಲಿ ಬೋರ್ಡಿದೆ, ಎರಡು ವರ್ಷ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡದವರೆಗೆ ಶಿಕ್ಷೆ ಹೇಳುವ ಕಾನೂನಿದೆ.

ಪ್ರವಾಸಿಗರು ಬರಲಿ, ಗಾಡಿ ನಿಲ್ಲಿಸಲು ಜಾಗ ಮಾಡಿ, ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿ, ಕುಡಿಯಲು ನೀರಿಡಿ. ಅದಕ್ಕೆ ನಮ್ಮದೇನೂ ತಕರಾರಿಲ್ಲ. ಹೊಂಡಕ್ಕೋ ಕಟ್ಟೆಗೋ ಕೈಹಾಕುವುದಾದರೆ ಮಾತ್ರ ಟೆಂಡರ್ ಕರೆಯುವ ಮೊದಲು ನಕ್ಷೆಯನ್ನು ಕನ್ನಡದಲ್ಲಿ ಬರೆದು ನಗರಸಭೆಯ, ಗ್ರಾಮ ಪಂಚಾಯಿತಿಯ ಬಾಗಿಲಿಗೆ ಅಂಟಿಸಿ. ಊರಿನ ಹಿರಿಯರನ್ನು, ಹಿನ್ನೀರಿನ ರೈತರನ್ನು ಕೂರಿಸಿ ಕೇಳಿ. ಈ ವರ್ಷ ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಮುಂಗಾರಿಗೆ ಮೊದಲು ಸಂತೆಹೊಂಡದ ಕಸ ಎತ್ತಿಸಿ, ಅದಕ್ಕೆ ನೀರು ತರುವ ಕಾಲುವೆಯ ಹೂಳು ತೆಗೆಸಿ. ಆ ಕೆಲಸಕ್ಕೆ ಗುದ್ದಲಿ ಹಿಡಿದು ನಾವೂ ಬರುತ್ತೇವೆ.